ಬಾಗಿಲ ಪಕ್ಕದ ಮಣ್ಣು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರ ಹೆಂಡತಿ, ನಮ್ಮ ಕಾಕು, ಹೇಳಿದ್ದಾರೆ. ನಡೆದದ್ದನ್ನೆಲ್ಲ ಬರಿ, ಒಂದೂ ಬಿಡಬೇಡ, ಹೆಸರೊಂದು ಮಾತ್ರ ಬೇಡ ಎಂಬುದು ಅವರ ಷರತ್ತು. ಹಾಗಾಗಿ ನಾನು ಕರೆಯುತ್ತಿದ್ದಂತೆ ಕಾಕಾ ಎಂದೇ ಬರೆಯುತ್ತೇನೆ. ನಾನು ಮೈಸೂರಿನವಳು, ಆ ವಯಸ್ಸಿನವರನ್ನು ನಾವು ಅಂಕಲ್ ಅನ್ನುತ್ತೇವೆ. ಮೊದಲ ದಿನ ಹಾಗೆ ಕರೆದಾಗ ಅವರು ತಿರುಗಿಯೂ ನೋಡಲಿಲ್ಲ. ಎರಡನೆಯ ಸಲ ಕರೆದಾಗ, ಧಾರವಾಡದ ಕಡೆಯವನಿಗೆ ಅಂಕಲ್ ಅಂದರೆ ಕಿವಿ ಕೇಳುವುದಿಲ್ಲ, ಕಾಕಾ ಅಂದರೆ ಮಾತ್ರ ಕೇಳುತ್ತದೆ ಎಂದರು.

ಅದು 1998ರ ಯುಗಾದಿ. ನಾನು ಇಂಗ್ಲೆಂಡಿನ ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ರೇಡಿಯಾಲಜಿ ತರಬೇತಿಗೆ ಸೇರಿ ಆರು ತಿಂಗಳಾಗಿತ್ತು, ಬ್ರೂಮ್‌ಹಿಲ್‌ನಲ್ಲಿ ಒಂದು ಕೋಣೆ ಹಿಡಿದಿದ್ದೆ. ಸುತ್ತಲಿನ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್‌ನಲ್ಲಿ ಸೇರಿದ್ದರು. ಎಂಜಿನಿಯರುಗಳು ಮನೆಸಾಲದ ಬಗ್ಗೆ, ಡಾಕ್ಟರುಗಳು ಡ್ಯೂಟಿಯ ಪಾಳಿಯ ಬಗ್ಗೆ ಮಾತಾಡುತ್ತಿದ್ದರು. ಮೂಲೆಯಲ್ಲಿ ಒಬ್ಬರು ತೆಳ್ಳಗಿನ, ಎತ್ತರದ ಮನುಷ್ಯ ಯಾರೊಂದಿಗೂ ಸೇರದೆ ಹೋಳಿಗೆ ತಿನ್ನುತ್ತಿದ್ದರು. ನಾನು ಎಕ್ಸ್‌ರೇ ಓದುವವಳೆಂದು ಗೊತ್ತಾದದ್ದೇ, ಎರಡು ಸಾವಿರ ವರ್ಷದ ಹಿಂದಿನವರ ಎಲುಬನ್ನು ಎಂದಾದರೂ ನೋಡಿದ್ದೀಯಾ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ನೀನು ಈ ದೇಶದವರನ್ನು ಇನ್ನೂ ನೋಡಿಯೇ ಇಲ್ಲ ಎಂದರು. ಪಕ್ಕದಲ್ಲಿದ್ದ ಕಾಕು ‘ಸುರು ಆತು ನೋಡವಾ, ಇನ್ನ ನಿನ್ನ ಬಿಡಂಗಿಲ್ಲ’ ಎಂದು ನಕ್ಕರು. ಕಾಕು ಆಗ ಗಂಡನನ್ನು ನೋಡಿ ನಗುತ್ತಿದ್ದರು.

ಕಾಕಾ ದಕ್ಷಿಣ ಯಾರ್ಕ್‌ಷೈರಿನ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ GP, ಎಲ್ಲ ರೋಗಕ್ಕೂ ಮೊದಲು ನೋಡುವ ಊರ ಡಾಕ್ಟರು. ಅಲ್ಲಿಗೆ ಅವರೊಬ್ಬರೇ. ಎಪ್ಪತ್ತರ ದಶಕದ ಆರಂಭದಲ್ಲಿ ಸರ್ಜನ್ ಆಗುವ ಅವಸರಕ್ಕೆ ಹಡಗಲ್ಲ, ವಿಮಾನವನ್ನೇ ಹತ್ತಿ ಬಂದವನು ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಸರ್ಜರಿಯ ಕೆಲಸಕ್ಕೆ ಹಾಕಿದ ಅರ್ಜಿಗಳೆಲ್ಲ ತಿರುಗಿ ಬಂದವು. ಕೊನೆಗೆ ಇಂಗ್ಲಿಷ್ ಡಾಕ್ಟರುಗಳು ಯಾರೂ ಹೋಗಲೊಪ್ಪದ ಆ ಊರು ಸಿಕ್ಕಿತು. ಮೂರು ತಲೆಮಾರಿನವರ ಎದೆಗೆ ಸ್ಟೆತಸ್ಕೋಪ್ ಇಟ್ಟು ಧೂಳು ತುಂಬಿದ ಉಸಿರನ್ನು ಕೇಳಿದರು. ಗಣಿ ಮುಚ್ಚಿದ ಮೇಲೆ ಕೆಲಸವಿಲ್ಲದ ಗಂಡಸರು ರೋಗವಿಲ್ಲದಿದ್ದರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಅದಕ್ಕೂ ಮೊದಲು, ಗಣಿಯವರ ದೊಡ್ಡ ಮುಷ್ಕರದ ವರ್ಷ, ಮುಷ್ಕರ ಮುರಿದು ಕೆಲಸಕ್ಕೆ ಹೋದವರನ್ನು ಅದೇ ಬೆಂಚಿನಲ್ಲಿ ಕೂರಲು ಉಳಿದವರು ಬಿಡಲಿಲ್ಲ. ಕಾಕಾ ದವಾಖಾನೆಯ ಹೊತ್ತು ಮುಗಿದ ಮೇಲೆ ಬ್ಯಾಗು ಹಿಡಿದು ಅಂಥವರ ಮನೆಗಳಿಗೆ ತಾವೇ ನಡೆದು ಹೋಗುತ್ತಿದ್ದರು. ಹಾಡುಹಗಲೇ, ಎಲ್ಲರೂ ನೋಡುವಂತೆ.

ಹಳೆಯ ಜನರ ಹುಚ್ಚು ಅವರಿಗೆ ಹತ್ತಿದ್ದೂ ಒಬ್ಬ ರೋಗಿಯ ಮನೆಯಲ್ಲೇ. ಕೆನ್ ಎಂಬ ಗಣಿಯವನ ಅಮ್ಮನನ್ನು ನೋಡಲು ಹೋದಾಗ ಹಿತ್ತಿಲ ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ದುಂಡು ಕಲ್ಲನ್ನು ಇಟ್ಟಿದ್ದರು. ತರಕಾರಿ ಬೆಳೆಯುವ ತುಂಡು ನೆಲದಲ್ಲಿ ಕೆನ್‌ಗೆ ಸಿಕ್ಕಿದ್ದ ಕಲ್ಲು ಅದು. ನಡುವೆ ತೂತು, ಬದಿಯಲ್ಲಿ ಗೂಟ ಸಿಕ್ಕಿಸುವ ಕುಳಿ. ಕಾಕಾ ರೋಗಿಯನ್ನು ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟರು. ಕಾಲು ಚಾಚಿ, ಕಲ್ಲನ್ನು ತೊಡೆಗಳ ನಡುವೆ ಇಟ್ಟುಕೊಂಡು, ಇಲ್ಲದ ಗೂಟವನ್ನು ಹಿಡಿದು ತಿರುಗಿಸಿ ತೋರಿಸಿದರು. ಇದು ನನ್ನ ಅಜ್ಜಿಯ ಬೀಸುಕಲ್ಲು ಎಂದರು. ವಸ್ತುಸಂಗ್ರಹಾಲಯದವರು ಅದನ್ನು ನೋಡಿ, ರೋಮನ್ನರು ಬರುವ ಮೊದಲಿನದು ಎಂದರಂತೆ. ಕಾಕಾ ಮತ್ತು ಕೆನ್ ಇಬ್ಬರೂ ಆ ತಿಂಗಳೇ ಸ್ಥಳೀಯ ಪುರಾತತ್ವ ಸಂಘಕ್ಕೆ ಸೇರಿದರು. ಆಮೇಲೆ ಗಣಿಯಿಂದ ಹೊರಬಿದ್ದ ಇನ್ನೂ ನಾಲ್ಕೈದು ಮಂದಿ ಸೇರಿಕೊಂಡರು. ಅಗೆಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆ ಬೀಸುಕಲ್ಲಿನ ಕಾಲದಲ್ಲಿ ಉತ್ತರ ಇಂಗ್ಲೆಂಡಿನ ಬಹುಪಾಲು ಬ್ರಿಗಾಂಟಿ ಎಂಬ ಜನರದಾಗಿತ್ತು. ಅವರಿಗೆ ಬರವಣಿಗೆ ಇರಲಿಲ್ಲ. ಅವರ ಬಗ್ಗೆ ಉಳಿದಿರುವ ಒಂದೆರಡು ಪುಟಗಳೂ ಅವರನ್ನು ಸೋಲಿಸಿದವರು ಬರೆದವು. ‘ಸೋತವರ ಕಥಿ ಗೆದ್ದವರ ಬಾಯಾಗ ಸಿಕ್ಕೈತಿ’ ಎಂದು ಕಾಕಾ ಹೇಳುತ್ತಿದ್ದರು. ಆ ಜನರಿಗೆ ಒಬ್ಬ ರಾಣಿ ಇದ್ದಳು. ದಕ್ಷಿಣದಲ್ಲಿ ರೋಮನ್ನರ ವಿರುದ್ಧ ಹೋರಾಡಿ ಸೋತ ನಾಯಕನೊಬ್ಬ ಆಶ್ರಯ ಕೇಳಿ ಬಂದಾಗ, ಅವಳು ಅವನನ್ನು ಕಟ್ಟಿಹಾಕಿ ರೋಮನ್ನರಿಗೇ ಒಪ್ಪಿಸಿದಳು. ಕೆನ್‌ನ ಪ್ರಕಾರ ಅವಳು ಮುಷ್ಕರ ಮುರಿದವಳು, ಅಷ್ಟೇ; ಅವಳ ಬಗ್ಗೆ ಬೇರೆ ಮಾತೇ ಬೇಡ. ಅವಳ ಮನೆಯೊಳಗೆ ಯಾರು ಹಸಿದಿದ್ದರೋ ಯಾರಿಗೆ ಗೊತ್ತು ಎಂದು ಕಾಕಾ ವಾದಿಸುತ್ತಿದ್ದರು. ಚಹದ ಫ್ಲಾಸ್ಕು ಖಾಲಿಯಾಗುವವರೆಗೂ ಇದು ನಡೆಯುತ್ತಿತ್ತು. ಎರಡು ಸಾವಿರ ವರ್ಷದ ಹಿಂದೆ ಸತ್ತ ಹೆಂಗಸಿನ ಬಗ್ಗೆ ಅಷ್ಟು ಸಿಟ್ಟಿನಿಂದ ಮಾತಾಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ನವೆಂಬರಿನಲ್ಲಿ ನನ್ನನ್ನು ವಿಂಕೊಬ್ಯಾಂಕ್ ಗುಡ್ಡಕ್ಕೆ ಕರೆದೊಯ್ದರು. ಶೆಫೀಲ್ಡಿನ ಅಂಚಿನಲ್ಲಿ, ಕೆಳಗೆ ಮೋಟರ್‌ವೇ ಹರಿಯುವ ಆ ಗುಡ್ಡದ ನೆತ್ತಿಯಲ್ಲಿ ಆ ಹಳೆಯ ಜನರ ಕೋಟೆಯ ದಿಬ್ಬ ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಅದರ ಗೋಡೆಗೆ ಎಂಥ ಬೆಂಕಿ ಬಿದ್ದಿತ್ತೆಂದರೆ ಒಳಗಿನ ಕಲ್ಲೇ ಸುಟ್ಟು ಕರಗಿತ್ತಂತೆ. ಶತ್ರುಗಳು ಹಚ್ಚಿದರೋ, ತಾವೇ ಹಚ್ಚಿಕೊಂಡರೋ ಯಾರಿಗೂ ತಿಳಿಯದು. ಚಳಿಗೆ ನಾನು ನಡುಗುತ್ತಿದ್ದೆ. ಅವರು ಮಾತ್ರ ತಮ್ಮ ಊರಿನ ಹೊಲ ತೋರಿಸುವವರಂತೆ ಕೈ ಬೀಸಿ ಬೀಸಿ ಅಲ್ಲಿ ಮನೆ, ಇಲ್ಲಿ ದನದ ಹಟ್ಟಿ ಎಂದು ಹೇಳುತ್ತಲೇ ಇದ್ದರು. ಮಕ್ಕಳಿಲ್ಲದ ಮನುಷ್ಯ, ಏನೋ ಒಂದನ್ನು ಹಚ್ಚಿಕೊಂಡಿದ್ದಾರೆ ಎಂದು ಅಂದುಕೊಂಡಿದ್ದೆ. ಅವರಿಗೆ ಮಕ್ಕಳಿರಲಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು.

2002ರ ಬೇಸಿಗೆಯಲ್ಲಿ ಅವರ ಊರಿನ ಪೂರ್ವಕ್ಕಿದ್ದ ಒಂದು ಹೊಲದಲ್ಲಿ ದೊಡ್ಡ ಗೋದಾಮು ಕಟ್ಟುವುದೆಂದಾಯಿತು. ಕಟ್ಟುವ ಮೊದಲು ಅಗೆದು ನೋಡಲು ಸಂಘದವರಿಗೆ ಆರು ವಾರ ಸಿಕ್ಕಿತು. ಹೆಲೆನ್ ಎಂಬ ಪುರಾತತ್ವದ ಅಧ್ಯಾಪಕಿ ಉಸ್ತುವಾರಿಗೆ ಬಂದರು. ನನಗೆ ರಜೆಯಿತ್ತು, ನಾನೂ ಹೋದೆ. ಮೇಲಿನ ಮಣ್ಣನ್ನು ಕೆರೆದು ತೆಗೆದಾಗ ಬಿಳಿ ಸುಣ್ಣಕಲ್ಲಿನ ನೆಲದ ಮೇಲೆ ಕಪ್ಪು ಬಳೆಯಂತೆ ಒಂದು ವೃತ್ತ ಕಾಣಿಸಿತು. ದುಂಡು ಗುಡಿಸಲೊಂದರ ಸುತ್ತ ಮಳೆನೀರು ಹರಿಯಲು ತೋಡಿದ್ದ ಕಾಲುವೆ ಅದು. ವೃತ್ತ ಪೂರ್ವದ ಕಡೆ ಕಡಿದಿತ್ತು. ಅದೇ ಬಾಗಿಲು.

ಆ ಬಾಗಿಲ ಎಡಬದಿಯ ಕುಳಿಯನ್ನು ಕಾಕಾ ಅಗೆಯುತ್ತಿದ್ದರು. ಅಗೆಯುವುದೆಂದರೆ ಮೊಣಕಾಲೂರಿ, ಟೀ ಚಮಚ ಮತ್ತು ಪೇಂಟಿನ ಬ್ರಷ್ಷು ಹಿಡಿದು. ಮೇಲೆ ಒಡೆದ ಬೀಸುಕಲ್ಲಿನ ಒಂದು ತುಂಡು ಮುಚ್ಚಿತ್ತು. ಅದನ್ನು ಎತ್ತಿದಾಗ ಕೆಳಗೆ ಸಣ್ಣ ಎಲುಬುಗಳು ಕಂಡವು. ಕುರಿಮರಿ ಎಂದ ಕೆನ್. ಕಾಕಾ ಬ್ರಷ್ಷಿನಿಂದ ಇನ್ನಷ್ಟು ಮಣ್ಣು ಸರಿಸಿದರು. ಆಮೇಲೆ ನನ್ನನ್ನು ಕರೆದರು.

ಕುರಿಮರಿ ಅಲ್ಲ. ಕೂಸು. ಬಲಮಗ್ಗುಲಾಗಿ, ಮೊಣಕಾಲು ಮಡಚಿ, ತಾಯಿಯ ಹೊಟ್ಟೆಯಲ್ಲಿದ್ದ ಹಾಗೆಯೇ ಮಲಗಿಸಿದ್ದರು. ತೊಡೆಯ ಎಲುಬು ನನ್ನ ತೋರುಬೆರಳಿನಷ್ಟು ಉದ್ದ. ತಲೆಯ ಎಲುಬು ಮೊಟ್ಟೆಯ ಸಿಪ್ಪೆಯಂತೆ ತೆಳ್ಳಗೆ ಒಡೆದು ಬಿದ್ದಿತ್ತು. ತಿಂಗಳು ತುಂಬಿಯೇ ಹುಟ್ಟಿದ್ದು, ಹುಟ್ಟಿ ಹೆಚ್ಚೆಂದರೆ ಕೆಲವು ದಿನ ಬದುಕಿರಬಹುದು ಎಂದೆ. ಗಂಡೋ ಹೆಣ್ಣೋ ಎಂದು ಕೇಳಿದರು. ಇಷ್ಟು ಸಣ್ಣ ಎಲುಬಿನಿಂದ ಹೇಳಲಾಗದು ಎಂದೆ.

ಮನುಷ್ಯರ ಎಲುಬು ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಿ ಅನುಮತಿ ಪಡೆಯದೆ ಎತ್ತುವಂತಿಲ್ಲ. ಅದಕ್ಕಾಗಿ ಕಾದ ಎರಡು ದಿನ ಕುಳಿಯ ಮೇಲೆ ಸಣ್ಣ ಡೇರೆ ಹಾಕಿ ಮುಚ್ಚಿದ್ದರು. ಅನುಮತಿ ಬಂದ ಮೇಲೆ, ಇಲ್ಲಿ ಎಲ್ಲರಿಗಿಂತ ನಿಮ್ಮ ಕೈ ಸ್ಥಿರ, ನೀವೇ ಎತ್ತಿ ಎಂದು ಹೆಲೆನ್ ಕಾಕಾಗೆ ಹೇಳಿದರು. ಒಂದೊಂದೇ ಎಲುಬನ್ನು ಬಿದಿರಿನ ಕಡ್ಡಿಯಿಂದ ಬಿಡಿಸಿ ತೆಗೆದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಒಂದು ಪಕ್ಕೆಲುಬೂ ಮುರಿಯಲಿಲ್ಲ. ಯಾವ ಆಸ್ಪತ್ರೆಗೂ ಬೇಡವಾಗಿದ್ದ ಆ ಕೈಗಳನ್ನು ನಾನು ಅಂದು ನೋಡಿದೆ.

ಎಲುಬುಗಳೆಲ್ಲ ಪೆಟ್ಟಿಗೆ ಸೇರಿದ ಮೇಲೆ, ಇಷ್ಟು ಪ್ರೀತಿಯಿಂದ ಬಾಗಿಲಲ್ಲೇ ಇಟ್ಟುಕೊಂಡಿದ್ದಾರೆ ಎಂದು ಯಾರೋ ಅಂದರು. ಪ್ರೀತಿಯೋ ಭಯವೋ, ಮನೆಗೆ ಒಳ್ಳೆಯದಾಗಲೆಂಬ ನಂಬಿಕೆಯೋ, ಅದನ್ನು ಎಲುಬು ಹೇಳುವುದಿಲ್ಲ ಎಂದರು ಹೆಲೆನ್. ಕೆಲಸ ಮುಗಿದ ಮೇಲೆ ಮತ್ತೆ ಇಲ್ಲೇ ಹೂಳಬಹುದೇ ಎಂದು ಕಾಕಾ ಕೇಳಿದರು. ಇಲ್ಲಿ ಕಾಂಕ್ರೀಟು ಬೀಳುತ್ತದೆ, ಪೆಟ್ಟಿಗೆ ಸಂಗ್ರಹಾಲಯದ ಉಗ್ರಾಣಕ್ಕೆ ಹೋಗುತ್ತದೆ ಎಂದು ಹೆಲೆನ್ ಮೆತ್ತಗೆ ಹೇಳಿದರು. ಪೆಟ್ಟಿಗೆಯ ಮೇಲೆ ಆಗಲೇ ಒಂದು ನಂಬರು ಬರೆದಾಗಿತ್ತು.

ನಾನು ಅವರ ಕಾರಿನಲ್ಲಿ ವಾಪಸು ಹೊರಟಿದ್ದೆ. ಹೊಲದ ಗೇಟಿನ ಹತ್ತಿರ ಅವರು ಕಾರು ನಿಲ್ಲಿಸಿದರು. ಕೈಗಳು ಸ್ಟಿಯರಿಂಗ್ ಮೇಲೇ ಇದ್ದವು, ಉಗುರಿನಲ್ಲಿ ಮಣ್ಣು.

‘ನಮಗೊಂದು ಹುಡುಗಿ ಹುಟ್ಟಿತ್ತು’ ಎಂದರು. ‘ಎಪ್ಪತ್ನಾಲ್ಕರಾಗ. ಎರಡ ದಿನ ಇತ್ತು.’

ಆಗ ಅವರು ಲ್ಯಾಂಕಷೈರಿನ ಒಂದು ಹತ್ತಿಗಿರಣಿಯ ಊರಿನಲ್ಲಿ ಮನೆ ಮಾಡಿದ್ದರು. ಕಾಕು ಹೆರಿಗೆಗೆ ಅದೇ ಊರಿನ ಆಸ್ಪತ್ರೆ ಸೇರಿದ್ದರು. ಕಾಕಾ ಕೆಲಸ ಮಾಡುತ್ತಿದ್ದದ್ದು ಬೇರೆ ಊರಿನಲ್ಲಿ. ಕೂಸಿಗೆ ಉಸಿರಾಟ ಸರಿಯಿಲ್ಲವೆಂದು ಫೋನು ಬಂದಾಗ ಅವರು ಡ್ಯೂಟಿಯಲ್ಲಿದ್ದರು. ನಿನ್ನ ಬದಲಿಗೆ ಯಾರಾದರೂ ಸಿಕ್ಕರೆ ಹೋಗು ಎಂದರಂತೆ ಮೇಲಿನ ಡಾಕ್ಟರು. ಯಾರೂ ಸಿಗಲಿಲ್ಲ. ಹಟ ಹಿಡಿದು ಹೊರಡಬಹುದಿತ್ತು. ಆದರೆ ಸರ್ಜರಿಯ ಕೆಲಸಕ್ಕೆ ಅದೇ ಡಾಕ್ಟರಿಂದ ಶಿಫಾರಸು ಪತ್ರ ಬೇಕಾಗಿತ್ತು. ಮರುದಿನ ತಲುಪುವಷ್ಟರಲ್ಲಿ ಕೂಸು ಹೋಗಿತ್ತು. ಕಾಕುಗೆ ಔಷಧ ಕೊಟ್ಟು ಮಲಗಿಸಿದ್ದರು. ನರ್ಸೊಬ್ಬರು ಕಾಗದ ಮುಂದಿಟ್ಟು, ಮಣ್ಣು ಮಾಡುವುದನ್ನೆಲ್ಲ ಆಸ್ಪತ್ರೆಯವರೇ ನೋಡಿಕೊಳ್ಳುತ್ತಾರೆ, ತಾಯಿ ನೋಡದಿದ್ದರೇ ಒಳ್ಳೆಯದು ಎಂದರಂತೆ. ಆ ದಿನಗಳಲ್ಲಿ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದರು. ಕಾಕಾ ಸಹಿ ಹಾಕಿದರು. ಕೂಸನ್ನು ತೋರಿಸಿ ಎಂದು ಕೇಳಲಿಲ್ಲ. ಎಲ್ಲಿ ಹೂಳುತ್ತೀರಿ ಎಂದೂ ಕೇಳಲಿಲ್ಲ. ಸಂಜೆಯ ಡ್ಯೂಟಿಗೆ ವಾಪಸು ಹೋದರು.

‘ಮರುದಿನ ಹೋದಾಗ ಆಕಿ ಎಚ್ಚರಾಗಿದ್ಲು, ಕೇಳಿದ್ಲು, ಮಣ್ಣ ಕೊಟ್ರೇನ್ರಿ ಅಂತ. ಕೊಟ್ಟೆ ಅಂದೆ. ನನ್ನ ಕೈಲೇ ಮಲಗಿಸಿದೆ, ಒಂದ್ ದೊಡ್ಡ ಗಿಡದ ಕೆಳಗ ಅಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ.’

ಕಾಕು ಪ್ರತಿವರ್ಷ ಆ ದಿನ ದೀಪ ಹಚ್ಚುತ್ತಿದ್ದರು. ಪ್ರತಿವರ್ಷ ಏನಾದರೊಂದು ಕೇಳುತ್ತಿದ್ದರು. ಮಳೆ ಇತ್ತೇನು, ಏನು ಹೊದಿಸಿದ್ದರು, ಆ ಗಿಡ ಯಾವ ಜಾತಿಯ ಮರ. ಕಾಕಾ ಪ್ರತಿವರ್ಷ ಒಂದೊಂದು ಸೇರಿಸುತ್ತ ಹೋದರು. ತಾನೂ ಹೋಗಿ ನೋಡುತ್ತೇನೆಂದಾಗ, ಕೂಸಿನ ಮಣ್ಣಿಗೆ ತಾಯಿ ಹೋಗಬಾರದು, ನಮ್ಮಲ್ಲಿ ಪದ್ಧತಿಯಿಲ್ಲ ಎಂದು ತಡೆದರು. ಇಪ್ಪತ್ತೆಂಟು ವರ್ಷ ಹಾಗೆ ನಡೆಯಿತು.

‘ಒಂದಕ್ಷರ ಬರೆಯಾಕ ಬರದ ಮಂದಿ’ ಎಂದರು ಹೊಲದ ಕಡೆ ನೋಡುತ್ತ. ‘ಹೋಗ್ತಾ ಬರ್ತಾ ಕಣ್ಣಿಗೆ ಬೀಳ್ಲಿ ಅಂತ ಬಾಗಿಲ ಬಾಜೂಕ ಇಟ್ಕೊಂಡಾರ. ನಾ ಏನ್ ಮಾಡಿದೆ?’

ಕಾಕುಗೆ ಹೇಳುತ್ತೀರಾ ಎಂದು ಕೇಳಿದೆ. ಹೇಳುತ್ತೇನೆಂದು ತಲೆಯಾಡಿಸಿದರು, ಅಂದು ರಾತ್ರಿಯೇ ಹೇಳಿದರಂತೆ. ಆ ಹೊಲಕ್ಕಾಗಲಿ ಬೇರೆ ಯಾವ ಹೊಲಕ್ಕಾಗಲಿ ಅವರು ಮತ್ತೆ ಅಗೆಯಲು ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಕಾಕು ಫೋನು ಮಾಡಿ, ನಿನ್ನ ಕಾರು ಬೇಕು ಎಂದರು. ಗಂಡನ ಕಾರಿನಲ್ಲಿ ಕೂರಲು ಅವರಿಗೆ ಮನಸ್ಸಿರಲಿಲ್ಲ. ಲ್ಯಾಂಕಷೈರಿನ ಆ ಊರಿನ ಸ್ಮಶಾನದ ಕಚೇರಿಯಲ್ಲಿ ಹಳೆಯ ರಿಜಿಸ್ಟರುಗಳಿವೆ ಎಂದು ಅವರೇ ವಿಚಾರಿಸಿ ತಿಳಿದುಕೊಂಡಿದ್ದರು. ಒಂದು ಶನಿವಾರ ಮೂವರೂ ಹೊರಟೆವು. ಕಾಕು ನನ್ನ ಪಕ್ಕ, ಕಾಕಾ ಹಿಂದೆ. ಬೆಟ್ಟಗಳನ್ನು ದಾಟಿ ಆ ಊರು ತಲುಪಿದೆವು.

ಕಚೇರಿಯಲ್ಲಿದ್ದ ಹೆಂಗಸು ಹೀಗೆ ಹುಡುಕಿಕೊಂಡು ಬಂದ ಎಷ್ಟೋ ಮಂದಿಯನ್ನು ಕಂಡಿದ್ದಿರಬೇಕು. ಹೆಚ್ಚು ಕೇಳದೆ ರಿಜಿಸ್ಟರು ತೆಗೆದಳು. ಅವರ ಮನೆತನದ ಹೆಸರನ್ನು ಗುರುತೇ ಸಿಗದಂತೆ ತಪ್ಪಾಗಿ ಬರೆದಿದ್ದರು. ಹೆಣ್ಣು ಶಿಶು, ಎರಡು ದಿನ. ಒಂದು ಸಾಮೂಹಿಕ ಗೋರಿ. ಅದೇ ಕುಳಿಯಲ್ಲಿ ಇನ್ನೂ ಏಳು ಕೂಸುಗಳು. ಅವಳೇ ನಕ್ಷೆ ಹಿಡಿದು ನಮ್ಮನ್ನು ಕರೆದೊಯ್ದಳು. ಗೋಡೆಯ ಬದಿಗೆ ಸಮತಟ್ಟಾದ ಹುಲ್ಲು, ಅಷ್ಟೆ. ಕಲ್ಲಿಲ್ಲ, ಗುರುತಿಲ್ಲ.

ಕಾಕು ಹುಲ್ಲನ್ನು ನೋಡಲಿಲ್ಲ. ತಲೆಯೆತ್ತಿ ಸುತ್ತಲೂ ಹುಡುಕಿದರು. ಗೋಡೆಯವರೆಗೂ, ಅದರಾಚೆಯ ರಸ್ತೆಯವರೆಗೂ ಬರೀ ಬಯಲು.

‘ಗಿಡ ಎಲ್ಲೈತಿ?’ ಎಂದು ಗಂಡನನ್ನು ಕೇಳಿದರು.

ಗಿಡವೆನ್ನುವುದೇ ಸುಳ್ಳೆಂದು ಅವರಿಗೆ ಎರಡು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಆದರೂ ಕೇಳಿದರು. ಕಾಕಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಬಿಚ್ಚುತ್ತ ನಿಂತಿದ್ದರು. ಕಾಕು ಆಮೇಲೆ ಕುಳಿತು ಹುಲ್ಲಿನ ಮೇಲೆ ಅಂಗೈ ಇಟ್ಟರು. ಅಳಲಿಲ್ಲ. ಚಳಿಗೆ ಕೈ ಕೆಂಪಾಗುವವರೆಗೂ ಎತ್ತಲಿಲ್ಲ.

ಅಂದಿನಿಂದ ಕಾಕು ಗಂಡನ ಜೊತೆ ಮಾತು ಬಿಟ್ಟರು. ಅಡಿಗೆ ಮಾಡುತ್ತಿದ್ದರು, ಬಟ್ಟೆ ಇಸ್ತ್ರಿ ಮಾಡುತ್ತಿದ್ದರು, ತಾಟು ಮುಂದಿಡುತ್ತಿದ್ದರು. ನಾನಿದ್ದರೆ ‘ನಿಮ್ಮ ಕಾಕಾಗ ಊಟಕ್ಕ ಬಾ ಅನ್ನು’ ಎನ್ನುತ್ತಿದ್ದರು. ಕಾಕಾ ಅಲ್ಲೇ ಎರಡಡಿ ದೂರದಲ್ಲಿರುತ್ತಿದ್ದರು. ಯಾರೂ ಇಲ್ಲದಾಗ ತಟ್ಟೆಯ ಸದ್ದೇ ಕರೆ. ನಾನು ಒಮ್ಮೆ ಕಾಕುಗೆ, ಸಾಕು, ಕ್ಷಮಿಸಿಬಿಡಿ ಎಂದೆ. ಸಹಿ ಹಾಕಿದ್ದನ್ನು ತಿಳಿದ ದಿನವೇ ಕ್ಷಮಿಸಿದ್ದೇನೆ, ಆಗ ಅವರಿಗೂ ಸಣ್ಣ ವಯಸ್ಸು. ವರ್ಷಕ್ಕೊಂದು ಸುಳ್ಳು ಸೇರಿಸಿದ್ದನ್ನು ಹೇಗೆ ಕ್ಷಮಿಸಲಿ, ಅದನ್ನೆಲ್ಲ ನಾನು ಕೂಡಿಟ್ಟುಕೊಂಡಿದ್ದೆ ಎಂದರು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಕಾಕಾ ಅದನ್ನು ಶಿಕ್ಷೆಯೆಂದೇ ಒಪ್ಪಿಕೊಂಡಂತಿತ್ತು. ದೂರಲಿಲ್ಲ. ಮರುವರ್ಷ ನಿವೃತ್ತರಾದರು. ಊರವರೆಲ್ಲ ಗಣಿಯವರ ಹಳೆಯ ಹಾಲ್‌ನಲ್ಲಿ ಸೇರಿ ದೊಡ್ಡ ಸಮಾರಂಭ ಮಾಡಿದರು. ಮುಷ್ಕರ ಮುರಿದವನೊಬ್ಬ ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಆ ಹಾಲ್‌ಗೆ ಕಾಲಿಟ್ಟು, ಬಾಗಿಲ ಬಳಿಯೇ ನಿಂತು ಕೈಕುಲುಕಿ ಹೋದ. ಎಲ್ಲರೂ ಡಾಕ್ಟರನ್ನು ಮೊಟಕು ಮಾಡಿ ಡಾಕ್, ಡಾಕ್ ಎಂದು ಅವರನ್ನು ಮುತ್ತಿಕೊಂಡಿದ್ದರು. ಕಾಕು ಮೊದಲ ಸಾಲಿನಲ್ಲಿ ಒಳ್ಳೆಯ ಇಳಕಲ್ ಸೀರೆಯುಟ್ಟು, ಎಲ್ಲರಿಗೂ ನಕ್ಕು ಉತ್ತರಿಸುತ್ತ, ಗಂಡನ ಕಡೆ ಒಮ್ಮೆಯೂ ನೋಡದೆ ಕುಳಿತಿದ್ದರು.

2005ರ ವಸಂತದಲ್ಲಿ ಅವರಿಗೆ ಹಸಿವು ಹೋಯಿತು, ಬೆನ್ನು ನೋವೆಂದರು. ಸ್ಕ್ಯಾನು ನಮ್ಮ ಆಸ್ಪತ್ರೆಯಲ್ಲೇ ಆಯಿತು. ಓದಿದ್ದು ನಾನಲ್ಲ, ಆದರೆ ನೋಡಿದೆ. ಮೇದೋಜೀರಕದಲ್ಲಿ ಗಡ್ಡೆ, ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಕಾರಿಡಾರಿನಲ್ಲಿ ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಕಾಕುಗೆ ನಾನು ತಿಳಿಸಲೇ ಎಂದು ಕೇಳಿದೆ.

‘ಬ್ಯಾಡವಾ. ಈ ಸಲ ನಾನ ಹೇಳ್ತೀನಿ’ ಎಂದರು. ‘ಖರೇ ಹೇಳ್ತೀನಿ.’

ಹೇಳಿದರು. ಕಾಕು ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಗಂಜಿಗೆ ಇಟ್ಟರಂತೆ. ಮೂರು ತಿಂಗಳು ಅವರನ್ನು ಎತ್ತಿ ಕೂರಿಸಿದರು, ಒರೆಸಿದರು, ಚಮಚದಲ್ಲಿ ಉಣ್ಣಿಸಿದರು. ನರ್ಸುಗಳು ಇಂಥ ಹೆಂಡತಿಯನ್ನು ನೋಡಿಲ್ಲ ಎನ್ನುತ್ತಿದ್ದರು. ಮಾತು ಮಾತ್ರ ಆಡಲಿಲ್ಲ. ಕಾಕಾ ಕಣ್ಣು ಮುಚ್ಚಿದಾಗಲೂ ಅವರು ಪಕ್ಕದಲ್ಲೇ ಇದ್ದರು.

ಸತ್ತ ಮರುದಿನ ಕೆನ್ ಮತ್ತು ಇನ್ನಿಬ್ಬರು ಟೋಪಿ ಕೈಯಲ್ಲಿ ಹಿಡಿದು ಮನೆಗೆ ಬಂದರು. ಊರ ಸ್ಮಶಾನದಲ್ಲಿ, ಗಣಿಯಲ್ಲಿ ಸತ್ತವರ ಸಾಲಿನಲ್ಲೇ ಡಾಕ್‌ಗೆ ಜಾಗ ಮಾಡಿದ್ದೇವೆ, ಅವರಿಗೂ ಅದೇ ಆಸೆ ಇತ್ತು ಎಂದರು. ನನಗೂ ಅದು ಗೊತ್ತಿತ್ತು. ಕಾಕು ಅವರಿಗೆ ಚಹ ಕೊಟ್ಟು, ಕೈ ಮುಗಿದು, ಆಗುವುದಿಲ್ಲ ಎಂದರು. ಆಗಲೇ ಲ್ಯಾಂಕಷೈರಿನ ಆ ಕಚೇರಿಗೆ ಫೋನು ಮಾಡಿಯಾಗಿತ್ತು. ಸಾಮೂಹಿಕ ಗೋರಿಯನ್ನು ತೆರೆಯುವಂತಿಲ್ಲ, ಆದರೆ ಅದರ ಪಕ್ಕದ ಜಾಗ ಸಿಗುತ್ತದೆ ಎಂದು ಆ ಹೆಂಗಸು ಹೇಳಿದ್ದಳಂತೆ.

‘ಆಗ ಇವರು ಕೂಸಿನ ಮಣ್ಣಿಗೆ ಹೋಗಲಿಲ್ಲ’ ಎಂದು ಕಾಕು ನನಗೆ ಹೇಳಿದರು. ‘ಈಗ ಹೋಗ್ಲಿ.’

ಗಣಿಯವರು ಒಂದು ಬಸ್ಸು ಮಾಡಿಕೊಂಡು ಬೆಟ್ಟ ದಾಟಿ ಬಂದರು. ಏದುಸಿರು ಬಿಡುತ್ತ, ಅಲ್ಲಲ್ಲಿ ನಿಲ್ಲುತ್ತ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತರು. ಹೆಣ್ಣುಮಕ್ಕಳು ದೂರ ನಿಲ್ಲಲಿ ಎಂದು ನಮ್ಮವರಲ್ಲೇ ಯಾರೋ ಅಂದಾಗ ಕಾಕು ಕೇಳಿಸಿಕೊಳ್ಳದವರಂತೆ ಮುಂದೆ ನಡೆದರು. ಮೊದಲ ಹಿಡಿ ಮಣ್ಣನ್ನು ಪಕ್ಕದಲ್ಲಿ ಕೂಸು ಮಲಗಿದ್ದ ಹುಲ್ಲಿನ ಮೇಲೆ ಹಾಕಿದರು. ಎರಡನೆಯದನ್ನು ಕುಳಿಯೊಳಗೆ ಹಾಕಿ, ಅಲ್ಲೇ ಬಗ್ಗಿ ನಿಂತರು. ಮೂರು ವರ್ಷದಲ್ಲಿ ಗಂಡನಿಗೆ ಅವರು ಆಡಿದ ಮಾತು ಅದೊಂದೇ. ನಾನು ಹತ್ತಿರವಿದ್ದುದರಿಂದ ಕೇಳಿಸಿತು.

‘ಇಲ್ಲೇ ಇರ್ರಿ’ ಎಂದರು. ‘ಮತ್ತ ಡ್ಯೂಟಿ ಅಂತ ಎದ್ದು ಹೋಗಬ್ಯಾಡ್ರಿ.’